ಕುಸುಮಕ್ಕನ ಕಂಪ್ಯೂಟರಿನ ಬಿಸಿ

ಹಳೆಯ ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿದಾಗ ಒಂದು ವಾಸನೆ ಬರುತ್ತದೆ, ನಿಮಗೂ ಗೊತ್ತಿರಬಹುದು. ಕಾದು ಕಾದು ಸೀದ ಧೂಳಿನ ವಾಸನೆ. ಆ ಧೂಳಿಗೆ ವರ್ಷಗಟ್ಟಲೆ ಊದುಬತ್ತಿಯ ಹೊಗೆ ಸೇರಿದ್ದರೆ ವಾಸನೆಯೇ ಬೇರೆ. ಈ ತಿಂಗಳ ಮೊದಲ ಭಾನುವಾರ ಕಾಶಿಯ ಲಂಕಾ ಎಂಬ ಬಡಾವಣೆಯ ನನ್ನ ಬಾಡಿಗೆ ಮನೆಯಲ್ಲಿ ಬ್ರಷ್ಷು ಹಿಡಿದು ಕೂತಾಗ ಆ ವಾಸನೆ ಮೂಗಿಗೆ ಬಡಿಯಿತು. ಕಂಪ್ಯೂಟರು ನನ್ನದಲ್ಲ, ಕುಸುಮಕ್ಕನದು. ಅವರು ತೀರಿಕೊಂಡು ವರ್ಷವಾಗುತ್ತ ಬಂತು.

ನಾನು ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಹೇಳಿಕೊಡುವವನು. ಭೌತಶಾಸ್ತ್ರ ಬಲ್ಲವನಿಗೆ ಮಿಕ್ಸಿ, ಗೀಸರು, ಮೊಬೈಲು ಎಲ್ಲದರ ರಿಪೇರಿಯೂ ಬರುತ್ತದೆಂದು ಕಾಶಿಯ ಕನ್ನಡಿಗರ ನಂಬಿಕೆ. ಆ ನಂಬಿಕೆಯನ್ನು ಕೆಡಿಸಲು ನಾನೂ ಹೋಗಲಿಲ್ಲ; ಅದರ ಪುಣ್ಯದಿಂದ ಎಷ್ಟೋ ಮನೆಗಳಲ್ಲಿ ಒಳ್ಳೆಯ ಸಾರು ಉಂಡಿದ್ದೇನೆ. ಕುಸುಮಕ್ಕನ ಮನೆಯ ಪರಿಚಯವಾದದ್ದೂ ಹಾಗೆಯೇ. ಗಂಗೆಯ ದಡದ ಅಸ್ಸಿ ಘಾಟಿನ ಗಲ್ಲಿಯೊಂದರಲ್ಲಿ ಅವರ ಮನೆ. ಅವರ ಯಜಮಾನರು ದಕ್ಷಿಣದಿಂದ ಬರುವ ಯಾತ್ರಿಕರಿಗೆ ಶ್ರಾದ್ಧ, ಪಿಂಡಪ್ರದಾನ ಮಾಡಿಸುವವರು. ಎಲ್ಲರಿಗೂ ಬರೀ 'ಆಚಾರ್ಯರು'. ಧಾರವಾಡದಿಂದ ಮದುವೆಯಾಗಿ ಬಂದ ಕುಸುಮಕ್ಕ ಐವತ್ತು ವರ್ಷ ಇಲ್ಲಿದ್ದರೂ ತವರಿನ ಮಾತನ್ನು ಬಿಟ್ಟಿರಲಿಲ್ಲ. ಅದಕ್ಕಿಷ್ಟು ಹಿಂದಿ ಬೆರೆತಿತ್ತು, ಅಷ್ಟೇ.

ಅವರ ಅತ್ತೆಗೆ ನೂರಾರು ಹಾಡು ಬರುತ್ತಿದ್ದವಂತೆ: ಬೀಸುವಾಗಿನವು, ತೊಟ್ಟಿಲಿನವು, ಆರತಿಯವು, ಬೀಗರನ್ನು ಹಂಗಿಸುವವು. ಅವನ್ನೆಲ್ಲ ನೆನಪಿನಿಂದ ಹೆಕ್ಕಿ ಹೆಕ್ಕಿ ಕುಸುಮಕ್ಕ ಹತ್ತು ವರ್ಷ ಒಂದೇ ಬೆರಳಿನಿಂದ ಆ ಕಂಪ್ಯೂಟರಿನಲ್ಲಿ ಬೆರಳಚ್ಚು ಮಾಡಿದ್ದರು. ತೊಡಕೆಂದರೆ ಅದು ಹಳೆಯ ಕಾಲದ ಕನ್ನಡ ತಂತ್ರಾಂಶ. ಅದೇ ಹಾಡನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತಿತ್ತು.

"ಇದನ್ನ ಈಗಿನ ಅಕ್ಷರಕ್ಕ ಬದಲಿ ಮಾಡಿಕೊಡು ತಮ್ಮಾ. ಮೊಮ್ಮಗಳು ದೊಡ್ಡಾಕಿ ಆದಮ್ಯಾಲೆ ಓದಲಿ," ಎಂದರು ಒಂದು ದಿನ. ಮೊಮ್ಮಗಳೋ ಹಿಂದಿಯಲ್ಲೇ ನಗುವ, ಹಿಂದಿಯಲ್ಲೇ ಜಗಳವಾಡುವ ಹುಡುಗಿ.

"ಮಾಡ್ಕೊಡ್ತೀನಿ ಅಕ್ಕ, ಪರೀಕ್ಷೆ ಒಂದು ಮುಗೀಲಿ," ಎಂದೆ.

ಪರೀಕ್ಷೆ ಮುಗಿಯಿತು. ಉತ್ತರಪತ್ರಿಕೆಗಳು ಬಂದವು. ಆಮೇಲೆ ಪ್ರವೇಶದ ಗಲಾಟೆ, ಮತ್ತೆ ಪರೀಕ್ಷೆ. ಹೀಗೆ ಮೂರು ವರ್ಷ ಕಳೆದೆ. ಅವರು ಮತ್ತೆ ನೆನಪಿಸಿದ್ದು ಎರಡೇ ಸಲ. ಆ ಎರಡು ಸಲವೂ ಬಡಿಸುವಾಗ ತುಪ್ಪ ಜಾಸ್ತಿ ಹಾಕಿದ್ದರು.

ನಾಲ್ಕನೆಯ ವರ್ಷದ ಚೈತ್ರದಲ್ಲಿ ಕಂಪ್ಯೂಟರು ನಡುನಡುವೆ ತಾನಾಗಿ ನಿಲ್ಲತೊಡಗಿತು. "ಏಕದಮ್ ಬಂದ್ ಬೀಳ್ತದ, ನೋಡು ಬಾ," ಎಂದು ಕರೆದರು. ಬಿಚ್ಚಿ ನೋಡಿದರೆ ಒಳಗೆ ಕಂಬಳಿಯ ಹಾಗೆ ಧೂಳು. ಚಿಪ್ ಕಾಯದಿರಲೆಂದು ಅದರ ಮೇಲೆ ಹಚ್ಚಿರುವ ಪೇಸ್ಟು ಒಣಗಿ ಸುಣ್ಣವಾಗಿತ್ತು. ಧೂಳು ತೆಗೆದೆ, ಹೊಸ ಪೇಸ್ಟು ಹಚ್ಚಿದೆ. ಒಳಗಿನ ಫ್ಯಾನು ಮಾತ್ರ ಮುದುಕರ ಹಾಗೆ ನಿಂತು ನಿಂತು ತಿರುಗುತ್ತಿತ್ತು. ಆ ಅಳತೆಯದು ಈಗ ಅಂಗಡಿಯಲ್ಲಿ ಸಿಗುವುದಿಲ್ಲ. ಆಗ ನನಗೊಂದು ಉಪಾಯ ಹೊಳೆಯಿತು. ಬಿಸಿ ಎಷ್ಟಿದೆಯೆಂದು ಪರದೆಯ ಮೂಲೆಯಲ್ಲಿ ಸದಾ ತೋರಿಸುವ ಪುಟ್ಟದೊಂದು ತಂತ್ರಾಂಶ ಹಾಕಿದೆ. ಎಂಬತ್ತು ಡಿಗ್ರಿ ದಾಟಿದರೆ ಅದು ಕೂಗಿಕೊಳ್ಳುವ ಹಾಗೆ ಮಾಡಿದೆ.

ಕುಸುಮಕ್ಕನಿಗೆ ಅದರ ಮೇಲೆ ಅಪಾರ ಅಭಿಮಾನ. ದಿನವೂ ಫೋನು. "ಇವತ್ತು ಅರವತ್ತೆರಡು ತಮ್ಮಾ, ಆರಾಮ ಅದ." ನಾನೂ ಬೀಗಿದೆ. ಮಾಡಬೇಕಾದ ಕೆಲಸ ಹಾಗೇ ಬಿದ್ದಿರುವಾಗ ಅದನ್ನು ಇನ್ನಷ್ಟು ಮುಂದೂಡುವ ಏರ್ಪಾಡು ಮಾಡಿದ್ದೇನೆಂದು ನನಗೆ ಅನ್ನಿಸಲೇ ಇಲ್ಲ.

ಹೋದ ಮೇ ತಿಂಗಳು. ಮಧ್ಯಾಹ್ನ ಒಂದು ಗಂಟೆ. ನಾನು ವಿಭಾಗದ ಸಭೆಗೆ ಹೊರಟಿದ್ದೆ. ಫೋನು ಬಂತು, ಹಿಂದುಗಡೆ ಕಂಪ್ಯೂಟರು ಕೂಗುವುದು ಕೇಳುತ್ತಿತ್ತು.

"ಎಂಬತ್ಮೂರು ತೋರಸ್ಲಿಕ್ಕತ್ತದ ತಮ್ಮಾ."

"ಆಫ್ ಮಾಡಿಬಿಡಿ ಅಕ್ಕ."

"ಆಫ್ ಮಾಡಿದ್ರ ಮತ್ತ ಚಾಲೂ ಆಗೂದಿಲ್ಲಪಾ. ನಿನ್ನೆ ಹತ್ತು ಸಲ ಒತ್ತಿದಮ್ಯಾಲೆ ಹತ್ತೇದ. ಇನ್ನ ಹನ್ನೊಂದು ಹಾಡು ತಿದ್ದೂದದ."

"ಹಾಗಾದ್ರೆ ಟೇಬಲ್ ಫ್ಯಾನು ಅದರ ಕಡೆ ತಿರುಗಿಸಿಡಿ. ಇಳಿಯುತ್ತೆ."

"ಹೂಂ, ಹಂಗ ಮಾಡ್ತೀನಿ," ಎಂದರು. ನಾನು ಸಭೆಗೆ ಹೋದೆ.

ಆ ಕೋಣೆ ನನಗೆ ಗೊತ್ತಿಲ್ಲದ್ದೇನಲ್ಲ. ಮಹಡಿಯ ಮೇಲಿನದು, ಮೇಲೆ ತಗಡು. ಇಲ್ಲಿಯವರು ಲೂ ಎನ್ನುವ ಬಿಸಿಗಾಳಿ ಒಳಗೆ ಬಾರದಿರಲೆಂದು ಕಿಟಕಿ ಬಾಗಿಲು ಎರಡನ್ನೂ ಮುಚ್ಚಿರುತ್ತಿದ್ದರು. ಇದ್ದದ್ದು ಅದೊಂದೇ ಫ್ಯಾನು. ನಿಮಗೆ ಗಾಳಿ ಎಲ್ಲಿಂದ ಅಕ್ಕ ಎಂದು ಕೇಳಬೇಕೆಂದು ನನಗೆ ತೋಚಲಿಲ್ಲ.

ಘಾಟಿನಿಂದ ಆಚಾರ್ಯರು ಮನೆಗೆ ಬಂದಾಗ ಮೂರೂವರೆ. ಕುಸುಮಕ್ಕ ಗೋಡೆಗೆ ಒರಗಿ ಕೂತಿದ್ದರಂತೆ. ಮೈ ಕೆಂಡ, ಬೆವರಿಲ್ಲ, ಮಾತು ತೊದಲು. ಆಸ್ಪತ್ರೆಯಲ್ಲಿ ಮಂಜುಗಡ್ಡೆಯಿಟ್ಟರು, ಸಲೈನು ಕೊಟ್ಟರು. ಮೂರನೆಯ ದಿನ ಹೋದರು. ನೋಡಲು ಬಂದವರಿಗೆಲ್ಲ ಆಚಾರ್ಯರು, "ಲೂ ಬಡೀತು," ಎನ್ನುತ್ತಿದ್ದರು. ಪಕ್ಕದಲ್ಲಿ ನಿಂತು ನಾನೂ ತಲೆಯಾಡಿಸುತ್ತಿದ್ದೆ.

ತಿಂಗಳಾದ ಮೇಲೆ ಆಚಾರ್ಯರೇ ಕಂಪ್ಯೂಟರನ್ನು ತೊಡೆಯ ಮೇಲಿಟ್ಟುಕೊಂಡು ಇ-ರಿಕ್ಷಾದಲ್ಲಿ ಬಂದು ಇಳಿದರು. "ಇದು ನಿಮ್ಮ ಹತ್ರಾನ ಇರಲಿ," ಎಂದು ಹೇಳಿ, ಚಹಾ ಕೂಡ ಕುಡಿಯದೆ ಹೋದರು. ನಾನು ಅದರ ಮೇಲೊಂದು ಟವೆಲು ಹೊದೆಸಿದೆ. ಹತ್ತು ತಿಂಗಳು ಅದನ್ನು ಮುಟ್ಟಲಿಲ್ಲ. ಅತ್ತ ನೋಡಬಾರದೆಂದು ಕುರ್ಚಿಯನ್ನೂ ತಿರುಗಿಸಿ ಹಾಕಿಕೊಂಡಿದ್ದೆ.

ಕೊನೆಗೆ ಈ ತಿಂಗಳು ಬಿಚ್ಚಿದೆ. ಎಷ್ಟು ಹೊತ್ತಿನ ಕೆಲಸ ಗೊತ್ತೆ? ಎರಡು ಭಾನುವಾರ. ಅಕ್ಷರ ಬದಲಿಸಲು ಒಂದು, ಒಡೆದ ಒತ್ತಕ್ಷರಗಳನ್ನು ಕೂಡಿಸಲು ಇನ್ನೊಂದು. ಲಂಕಾದಲ್ಲೇ ಮುದ್ರಿಸಿ, ದಾರ ಹಾಕಿಸಿ ಪುಸ್ತಕ ಮಾಡಿಸಿದೆ.

ನಿನ್ನೆ ಸಂಜೆ ಅದನ್ನು ಹಿಡಿದು ಅಸ್ಸಿಗೆ ಹೋದೆ. ಆಚಾರ್ಯರು ಒಬ್ಬರೇ ಚಾಪೆಯ ಮೇಲಿದ್ದರು. "ಕೂಡ್ರಿ ಸಾಹೇಬ್ರ," ಎಂದರು. ಪುಸ್ತಕ ಕೈಗೆ ಕೊಟ್ಟೆ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಕೈಕೊಟ್ಟು ಇಷ್ಟೇ ಬಂತು: "ಆಚಾರ್ಯರೆ, ಅವತ್ತು ಫ್ಯಾನು ಕಂಪ್ಯೂಟರಿನ ಕಡೆ ತಿರುಗಿಸಿ ಅಂತ ಹೇಳಿದ್ದು ನಾನು."

ಹಾಳೆಯ ಅಂಚು ಸವರುತ್ತಿದ್ದ ಬೆರಳು ನಿಂತಿತು.

"ಗೊತ್ತದ," ಎಂದರು. "ಆಸ್ಪತ್ರ್ಯಾಗ ಒಮ್ಮೆ ಕಣ್ಣು ತೆಗೆದಿದ್ಲು. ನಾ ಗಾಳಿ ಹಾಕ್ಲಿಕ್ಕೆ ಹೋದ್ರ, ಫ್ಯಾನ್ ಸರಸಬ್ಯಾಡ್ರಿ, ತಮ್ಮ ಹಂಗ ಇಡು ಅಂದಾನ ಅಂದ್ಲು."

ಅವರು ಬೈಯುತ್ತಾರೇನೋ ಎಂದು ಕಾದೆ, ಬೈಯಲಿಲ್ಲ. ಹೋಗಲಿ ಬಿಡಿ ಎಂದೂ ಅನ್ನಲಿಲ್ಲ. ಪುಸ್ತಕವನ್ನು ನನ್ನ ಕಡೆ ತಳ್ಳಿದರು.

"ಓದ್ರಿ. ನನಗ ಸಣ್ಣ ಅಕ್ಷರ ಕಾಣೂದಿಲ್ಲ."

ಮೊದಲನೆಯದು ತೊಟ್ಟಿಲ ಹಾಡು. "ಇದರ ಮಟ್ಟು ಹೇಗೆ?" ಎಂದು ಕೇಳಿದೆ.

"ಅದು ಆಕಿಗಷ್ಟ ಗೊತ್ತಿತ್ತು."

ಪಾಠ ಒಪ್ಪಿಸುವ ಹಾಗೆ ಓದಿದೆ. ನನ್ನ ದನಿ ನನಗೇ ಒರಟಾಗಿ ಕೇಳಿಸಿತು. ಹಾಡು ಮುಗಿದಾಗ ಅವರು ಕಣ್ಣು ಮುಚ್ಚಿಕೊಂಡೇ, "ಮುಂದಿಂದು," ಎಂದರು. ನಾನು ಹಾಳೆ ತಿರುವಿದೆ.