ಮಾದಮ್ಮನ ಅರ್ಧ ಗದ್ದೆ

ಸೋಮನಾಥಪುರದ ಮಾದಮ್ಮನಿಗೆ ರಘೂತ್ತಮ ಮೇಷ್ಟ್ರನ್ನು ಕಂಡರೆ ಆಗದು. ಕಾರಣವೂ ಉಂಟು. ಹನ್ನೊಂದು ವರ್ಷದಿಂದ ಅವರ ಗದ್ದೆಯನ್ನು ವಾರಕ್ಕೆ ಮಾಡುತ್ತಿದ್ದಾಳೆ. ಬೆಳೆದದ್ದರಲ್ಲಿ ಅವರಿಗರ್ಧ, ಅವಳಿಗರ್ಧ. ಕೆಸರಿಗೆ ಇಳಿಯುವವಳು ಅವಳು, ಬುದ್ಧಿ ಹೇಳುವವರು ನಂಜನಗೂಡಿನ ಮನೆಯಲ್ಲಿ ಕೂತ ಮೇಷ್ಟ್ರು. ಭೂಗೋಳ ಪಾಠ ಮಾಡಿ ನಿವೃತ್ತರಾದರೂ ಅವರ ಪಾಠ ನಿಂತಿಲ್ಲ.

ಡಿಸೆಂಬರಿನಲ್ಲಿ ಭತ್ತ ಹಣ್ಣಾಗಿ ನಿಂತಾಗ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎದ್ದಿತು. ಮೇಷ್ಟ್ರು ಗದ್ದೆಗೆ ಬಂದು, ಚಂಡಮಾರುತದ ದಾರಿಗೆ ಗೆರೆ ಎಳೆದಿದ್ದ ನಕ್ಷೆ ತೋರಿಸಲು ಮೊಬೈಲ್ ಚಾಚಿದರು.

“ನೋಡಮ್ಮ, ಹೋದ ವರ್ಷದ್ದೂ ಇದೇ ದಾರಿ. ಗೆರೆ ಮೇಲೆ ಗೆರೆ ಕೂತಿದೆ. ಆಗ ನಾಲ್ಕು ಹನಿ ಬಿತ್ತು ಅಷ್ಟೆ. ನಾಳೆ ಕುಯ್ಸು.”

“ಓದ್ವರ್ಸ ಅದು ಒಂದೇ ದಿನಕ್ಕೆ ಓಡೋಯ್ತು ಸಾ. ನೆಲನೂ ಒಣಗಿತ್ತು, ಬಿದ್ದಿದ್ದೆಲ್ಲ ಕುಡ್ಕೊಂಡ್ತು. ಇದು ಮೆಲ್ಗೆ ಬತ್ತಾ ಅದಂತೆ. ಮೊನ್ನೆ ಮಳೇಗೇ ಗದ್ದೆ ಇನ್ನೂ ಕಾಲಿಗಂಟ್ತದೆ. ಕುಯ್ದು ಒಣಗಾಕುದ್ರೆ ನೀರಲ್ಲೇ ಮೊಳ್ಕೆ ಬಂದ್ಬುಡ್ತದೆ.”

“ನನಗೇ ಭೂಗೋಳ ಹೇಳ್ಕೊಡ್ತೀಯಾ?”

ಮಾದಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಮನೆಯ ವರ್ಷದ ಅನ್ನ ಆ ಗದ್ದೆಯಲ್ಲಿತ್ತು. ನಡುವಿನ ಬದುವನ್ನು ತೋರಿಸಿ, “ಬದದಿಂದ ಆಚ್ಗೆ ನಿಮ್ದು, ಈಚ್ಗೆ ನಂದು. ನಿಮ್ದು ಕುಯ್ತೀನಿ, ನಂದು ನಿಂತಿರ್ಲಿ. ಒಪ್ಗೆನಾ?” ಎಂದಳು.

“ಆಯ್ತು, ಆಮೇಲೆ ಅಳಬೇಡ” ಎಂದರು ಮೇಷ್ಟ್ರು, ಪಕ್ಕದ ಗದ್ದೆಯ ಹುಚ್ಚಯ್ಯನ ಎದುರಿಗೇ.

ಕುಯ್ದ ಮರುದಿನ ಹಿಡಿದ ಮಳೆ ಮೂರು ದಿನ ಬಿಡಲಿಲ್ಲ. ಮೇಷ್ಟ್ರ ಗೆರೆ ತಪ್ಪಲಿಲ್ಲ, ಚಂಡಮಾರುತ ಹೋದ ವರ್ಷದ ದಾರಿಯಲ್ಲೇ ಬಂತು. ಆದರೆ ಬಂದದ್ದು ಕುಂಟುತ್ತ. ಬಂದ ಮೇಲೆ, ಹೊರಡಲು ಮನಸ್ಸಿಲ್ಲದ ನೆಂಟನ ಹಾಗೆ ಕೂತುಬಿಟ್ಟಿತು. ಮೊದಲೇ ಹೊಟ್ಟೆ ತುಂಬಿದ್ದ ನೆಲ ಒಂದು ತೊಟ್ಟೂ ಕುಡಿಯಲಿಲ್ಲ. ಮೇಷ್ಟ್ರ ಭತ್ತ ನೀರಲ್ಲಿ ಬಿದ್ದು ಮೊಳಕೆಯೊಡೆಯಿತು. ಮಾದಮ್ಮನದು ತಲೆ ಬಾಗಿದರೂ ನಿಂತಿತ್ತು. ಅವಳಿಗೆ ಸಂತೋಷವಾಯಿತು, ಮುಚ್ಚಿಡುವುದೇಕೆ.

ಬಿಸಿಲು ಬಿದ್ದು ನೆಲ ಗಟ್ಟಿಯಾದ ಮೇಲೆ ಅವಳು ಕುಡುಗೋಲು ಹಿಡಿದು ಬಂದರೆ, ಮೇಷ್ಟ್ರು ಆಗಲೇ ಬಂದು ನಿಂತಿದ್ದರು.

“ವಾರ ಅಂದ್ರೆ ಒಟ್ಟು ಬೆಳೇಲಿ ಅರ್ಧ. ಇದರಲ್ಲೂ ಅರ್ಧ ನನಗೆ ಬರಬೇಕು.”

“ನೀವು ಒಪ್ಪಿದ್ನ ಉಚ್ಚಯ್ಯನೂ ಕೇಳವ್ನೆ. ಒಂದು ತೆನೆನೂ ಕೊಡಕಿಲ್ಲ.”

ಪಕ್ಕದ ಗದ್ದೆಯಲ್ಲಿ ನಿಂತಿದ್ದ ಹುಚ್ಚಯ್ಯ ಹೌದೆಂದು ತಲೆಯಾಡಿಸಿದ. ಮೇಷ್ಟ್ರ ಮುಖ ಕಪ್ಪಿಟ್ಟಿತು.

“ಹಾಗಾದ್ರೆ ಮುಂದಿನ ಬೆಳೆಗೆ ಈ ಗದ್ದೆ ತುಳೀಬೇಡ.”

“ಮುಂದಿಂದು ಮುಂದ್ಕೆ. ಇವತ್ತು ಇದು ನನ್ ಭತ್ತ. ಆಚ್ಗೋಗಿ ಸಾ.”

ಅವರು ಹೋದ ಮೇಲೆ ಮಾದಮ್ಮ ಗದ್ದೆಗೆ ಇಳಿದಳು. ಮೊದಲ ಹಿಡಿ ಕುಯ್ದು ಬದುವಿನ ಮೇಲಿಟ್ಟಳು. ಈ ವರ್ಷದ ಅನ್ನ ಉಳಿದಿತ್ತು. ಮುಂದಿನ ವರ್ಷಕ್ಕೆ ಗದ್ದೆ ಇರಲಿಲ್ಲ.