ಹಿತ್ತಿಲ ಕಾಫಿ ಬೇಡವೆಂದ ಅಮೂಲ್ಯಾ

ಹಿರೇಕೊಡಿಗೆಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸುಬ್ಬಯ್ಯನವರ ಕೊಟ್ಟಿಗೆಯಲ್ಲಿ ಅಮೂಲ್ಯಾ ಉಗುರುಬೆಚ್ಚಗಿನ ನೀರಿನ ಲೋಟಕ್ಕೆ ಕಡ್ಡಿಯಂಥ ಸಣ್ಣ ಸ್ಟ್ರಾ ಇಳಿಬಿಟ್ಟು ನಿಂತಿದ್ದಾರೆ. ಅದರೊಳಗಿರುವುದು ಒಳ್ಳೆಯ ತಳಿಯ ಹೋರಿಯ ವೀರ್ಯ. ಈವರೆಗೆ ನೈಟ್ರೋಜನ್ ಕ್ಯಾನಿನಲ್ಲಿ ಹೆಪ್ಪುಗಟ್ಟಿ ಕೂತಿತ್ತು. ಭುಜದವರೆಗೆ ಬರುವ ಗ್ಲೌಸ್ ಹಾಕಿಕೊಂಡು, "ಅಲ್ಲಾಡ್ಬೇಡ ಕಣೆ, ಈಗ ಆಯ್ತು" ಎಂದು ಹಸುವಿನ ಬೆನ್ನು ತಟ್ಟುತ್ತಾರೆ. ನಿನ್ನೆ ಸಂಜೆ ಬೆದೆಗೆ ಬಂದ ಹಸುವಿಗೆ ಇವತ್ತು ಬೆಳಿಗ್ಗೆಯೇ ಇಂಜೆಕ್ಷನ್ ಆಗಬೇಕು. ಕೃತಕ ಗರ್ಭಧಾರಣೆಗೆ ಇಲ್ಲಿನವರು ಹೇಳುವುದೇ ಹಾಗೆ.

ಕೆಲಸ ಮುಗಿಯುವಷ್ಟರಲ್ಲಿ ಮನೆಯೊಡತಿ ವಸಂತಮ್ಮ ಹಿತ್ತಿಲ ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದಾರೆ.

"ಇಲ್ಲೇ ಕುಡ್ಕಂಡು ಹೊರಡು ಮಾರಾಯ್ತಿ. ಇವತ್ತು ನಮ್ಮ ಮೇಘನಂದು ಸೀಮಂತ, ನೆಂಟ್ರು ಬರೋ ಹೊತ್ತು. ನಂಗೇನಿಲ್ಲಪ್ಪ, ನೋಡಿದವ್ರು ಎಂತಾದ್ರೂ ಅಂತಾರೆ."

ಬೇರೆ ದಿನಗಳಲ್ಲಿ ಅಮೂಲ್ಯಾಗೆ ಇದೇ ಮನೆಯ ಜಗಲಿಯ ಮೇಲೆ ಕಾಫಿ ಸಿಗುತ್ತದೆ. ಇವತ್ತು ಸಿಗದು. ಮದುವೆಯಾಗಿ ಏಳು ವರ್ಷವಾದರೂ ಅವರಿಗೆ ಮಕ್ಕಳಿಲ್ಲ, ಅಂಥವರು ಬಸುರಿಯ ಕಣ್ಣಿಗೆ ಬೀಳಬಾರದಂತೆ. ಕೊಟ್ಟಿಗೆಯ ಹಸು ಗಬ್ಬವಾಗಲು ಈ ಹೆಂಗಸು ಬೇಕು, ಮನೆಯ ಮಗಳ ಬಸಿರಿಗೆ ಮಾತ್ರ ಇವರ ನೆರಳೂ ಬೇಡ! ಅವರ ಬಗ್ಗೆ ಬರೆಯಲೆಂದು ಜೊತೆಗೆ ಬಂದ ನನಗೆ ಮೈಯೆಲ್ಲ ಉರಿಯುತ್ತದೆ. ಅಮೂಲ್ಯಾ ನಿಂತೇ ಕಾಫಿ ಮುಗಿಸಿ ಸ್ಕೂಟಿ ಹತ್ತುತ್ತಾರೆ.

ಈ ಹಸುವಿನ ಕಥೆಯನ್ನೂ ಕೇಳಿ. ಹೋದ ಸಲ ಅದು ಬೆದೆಗೆ ಬಂದಾಗ ಸುಬ್ಬಯ್ಯ ಅಮೂಲ್ಯಾಗೆ ಫೋನ್ ಮಾಡಲಿಲ್ಲ. ಮಕ್ಕಳಿಲ್ಲದವಳ ಕೈಗುಣಕ್ಕೆ ಹಸು ಗಬ್ಬ ನಿಲ್ಲುವುದಿಲ್ಲ ಎಂದು ಯಾರೋ ಕಿವಿ ಊದಿದ್ದರು. ನರಸಿಂಹರಾಜಪುರದ ಕಡೆಯಿಂದ ಬರಬೇಕಿದ್ದ ಇನ್ನೊಬ್ಬರಿಗೆ ಕಾದರು. ಅವರು ಬರುವಷ್ಟರಲ್ಲಿ ಬೆದೆ ಇಳಿದಿತ್ತು. ಮೂರು ವಾರ ಹಸುವಿಗೆ ಸುಮ್ಮನೆ ಹಿಂಡಿ ಹಾಕಿದ ಮೇಲೆ ಅಮೂಲ್ಯಾರ ನಂಬರ್ ನೆನಪಾಯಿತು. ಕರೆ ಬಂದಾಗ ಅವರು ಬಂದರು, ಅಷ್ಟೇ.

ಕೊಪ್ಪ, ಶೃಂಗೇರಿ ಸುತ್ತಿನ ನಾರ್ವೆ, ಕಿಗ್ಗದಂಥ ಹಳ್ಳಿಗಳಿಂದ ದಿನಕ್ಕೆ ನಾಲ್ಕೈದು ಕರೆ ಬರುತ್ತವೆ. ಬೆದೆ ಯಾರಿಗೂ ಕಾಯುವುದಿಲ್ಲ, ಹಾಗಾಗಿ ಹಬ್ಬವೂ ಇಲ್ಲ, ಭಾನುವಾರವೂ ಇಲ್ಲ. ಕ್ಯಾನ್ ಕಟ್ಟಿದ ಸ್ಕೂಟಿ ಕಿಗ್ಗದ ದಾರಿಯಲ್ಲಿ ಜಾರಿ ಮೊಣಕೈ ಮುರಿದದ್ದುಂಟು. ಹಸು ಒದ್ದು ವಾರಗಟ್ಟಲೆ ಕುಂಟಿದ್ದುಂಟು. "ಒದೆ ತಿನ್ನೋದು ಅಭ್ಯಾಸ ಆಗಿದೆ. ಹಸು ಹೆದರಿ ಒದೆಯತ್ತೆ, ಸಿಟ್ಟಿಂದ ಅಲ್ಲ," ಎನ್ನುತ್ತಾರೆ. ಮನುಷ್ಯರ ಬಗ್ಗೆ ಇಂಥ ಸಮಾಧಾನ ಹೇಳಲು ನನಗೆ ಬಾಯಿ ಬರುವುದಿಲ್ಲ.

ಏಳು ವರ್ಷದಲ್ಲಿ ಅಮೂಲ್ಯಾ ಕುಡಿಯದ ಕಷಾಯವಿಲ್ಲ, ಅವರ ಹೆಸರಿನಲ್ಲಿ ಹೊರದ ಹರಕೆಯಿಲ್ಲ. ಗಂಡ ಅರುಣ ಕೊಪ್ಪದಲ್ಲಿ ಪಂಪ್‌ಸೆಟ್ ರಿಪೇರಿ ಮಾಡುತ್ತಾರೆ. ಅವರಿಗೆ ಒಂದು ಚಮಚ ಕಷಾಯವನ್ನೂ ಯಾರೂ ಕುಡಿಸಿಲ್ಲ. ಕೊನೆಗೆ ಅವರೇ ಯಾರೂ ಹೇಳದೆ ಶಿವಮೊಗ್ಗಕ್ಕೆ ಹೋಗಿ ವೀರ್ಯ ಪರೀಕ್ಷೆ ಮಾಡಿಸಿಕೊಂಡು ಬಂದರು.

"ಹಸು ನಿಲ್ಲದಿದ್ರೆ ಜನ ಇವಳ ಹತ್ರ ಮೊದ್ಲು ಕೇಳೋದು ಎಂತ ಗೊತ್ತನ? ಸ್ಟ್ರಾ ಸರಿ ಇತ್ತಾ ಅಂತ," ಅರುಣ ನಗುತ್ತಾರೆ. "ಹೆಂಗಸ್ರ ವಿಷಯಕ್ಕೆ ಬಂದ್ರೆ ಸ್ಟ್ರಾ ಸುದ್ದಿ ಯಾರೂ ಎತ್ತಲ್ಲ ಮಾರಾಯ್ರೆ. ಅದ್ಕೇ ನಂದು ಮೊದ್ಲು ನೋಡ್ಲಿ ಅಂದೆ."

ಅವರ ವೀರ್ಯಾಣು ಕಡಿಮೆ ಎಂದು ವರದಿ ಬಂತು. ಅರುಣ ಅದನ್ನು ಮುಚ್ಚಿಡದೆ ಅಂಗಡಿಗೆ ಬಂದವರಿಗೆಲ್ಲ ಹೇಳಿದರು. ಹೆಂಡತಿಯ ಮಾನ ಉಳಿಸಲು ಪಾಪ ತನ್ನ ಮೇಲೆ ಹಾಕಿಕೊಳ್ಳುತ್ತಾನೆ ಎಂದು ಜನ ಕನಿಕರಪಟ್ಟರು. ಇದಕ್ಕೆ ಏನನ್ನಬೇಕು ಹೇಳಿ! ಗಂಡಸು ತಾನೇ ಬಾಯಿಬಿಟ್ಟು ಹೇಳಿದರೂ ಊರು ನಂಬಲು ತಯಾರಿಲ್ಲ.

ಆಮೇಲೆ ಅಮೂಲ್ಯಾರ ಸರದಿ. ಗರ್ಭನಾಳ ತೆರೆದಿದೆಯೇ ಎಂದು ನೋಡಲು ಔಷಧಿ ಹಾಯಿಸಿ ಎಕ್ಸ್‌ರೇ ತೆಗೆಯುವ ಪರೀಕ್ಷೆ. "ಹಸುಗೆ ನಾನು ಮಾಡ್ತಿದ್ದೆ, ಈಗ ನಂಗೇ ಬಂತು," ಎಂದು ಅವರು ನಕ್ಕರೂ ಟೇಬಲ್ ಮೇಲೆ ಮಲಗಿದಾಗ ಅದರ ಅಂಚು ಹಿಡಿದ ಕೈ ಬಿಡಲಿಲ್ಲವಂತೆ. ಗಂಡಸರು ಒಳಗೆ ಬರುವಂತಿಲ್ಲ ಎಂದು ಅರುಣರನ್ನು ಬಾಗಿಲ ಹೊರಗೆ ನಿಲ್ಲಿಸಿದರು. ಅವರ ಕೈಯಲ್ಲಿ ಹೆಂಡತಿಯ ಫೋನ್ ಇತ್ತು. ಕರೆಗಳು ಬರುತ್ತಲೇ ಇದ್ದವು.

"ಔಷಧಿ ಹಾಕಿದಾಗ ಹೊಟ್ಟೆ ಹಿಂಡಿದ ಹಾಗಾಯ್ತು. ಅಷ್ಟೊತ್ತಿಗೆ ಬಾಗಿಲಾಚೆಯಿಂದ ಇವ್ರು ಕೂಗಿದ್ರು, ನಾರ್ವೆ ಪುಟ್ಟಪ್ಪನ ಹಸು ಬೆಳಿಗ್ಗೆಯಿಂದ ಬೆದೆಗೆ ಕೂಗ್ತಿದೆಯಂತೆ, ಎಂತ ಹೇಳ್ಲಿ ಅಂತ. ಸಂಜೆಗೆ ಬರ್ತೀವಿ ಅನ್ನಿ ಅಂತ ನಾನೂ ಕೂಗಿದೆ. ನರ್ಸ್ ನಕ್ಬಿಟ್ರು. ನೋವು ಅರ್ಧ ಮರೆತೋಯ್ತು."

ಅರುಣ ಅದನ್ನು ಬೇಕೆಂದೇ ಮಾಡಿದ್ದು. "ನಾನು ಇಲ್ಲೇ ಇದೀನಿ ಅಂತ ಅವ್ಳಿಗೆ ಗೊತ್ತಾಗ್ಬೇಕಲ್ಲ. ನಂಗೆ ಧೈರ್ಯ ಹೇಳಕ್ಕೆ ಬರಲ್ಲ, ಹಸು ಸುದ್ದಿ ಹೇಳಿದೆ."

ಒಂದು ನಾಳ ತೆರೆದಿದೆ, ಇನ್ನೊಂದು ಮುಚ್ಚಿದೆ. ಚಿಕಿತ್ಸೆ ತೆಗೆದುಕೊಂಡರೆ ಆಸೆಯಿದೆ ಎಂದು ಡಾಕ್ಟರ್ ಹೇಳಿದ್ದಾರೆ. ಅವತ್ತು ಸಂಜೆ ಅರುಣ ಸ್ಕೂಟಿ ಓಡಿಸಿದರು, ಅಮೂಲ್ಯಾ ಹೊಟ್ಟೆ ಹಿಡಿದುಕೊಂಡು ಹಿಂದೆ ಕೂತು ನಾರ್ವೆಗೆ ಹೋದರು. ಪುಟ್ಟಪ್ಪ ಕೇಳಿದ್ದು ಒಂದೇ ಮಾತು: "ಎಂತ ಇಷ್ಟು ತಡ?"

ಸೀಮಂತದ ದಿನ ಕೊಟ್ಟಿಗೆಯಲ್ಲಿ ಆದ ಇಂಜೆಕ್ಷನ್ ಫಲ ಕೊಟ್ಟಿದೆಯೇ ಎಂದು ನೋಡಲು ಮೂರು ತಿಂಗಳ ಮೇಲೆ ಅಮೂಲ್ಯಾ ಮತ್ತೆ ಹಿರೇಕೊಡಿಗೆಗೆ ಹೊರಡುತ್ತಾರೆ. ಈ ಸಲವೂ ನಾನು ಜೊತೆಗಿದ್ದೇನೆ. ಅರುಣ ಕ್ಯಾನ್ ಹೊತ್ತು ಬಂದಿದ್ದಾರೆ. ಕೊಟ್ಟಿಗೆಯಲ್ಲಿ ಹಸುವನ್ನು ಪರೀಕ್ಷಿಸಿ, ಗ್ಲೌಸ್ ಕಳಚುತ್ತಾ ಅಮೂಲ್ಯಾ, "ನಿಂತಿದೆ ಸುಬ್ಬಣ್ಣ," ಎನ್ನುತ್ತಾರೆ. ಸುಬ್ಬಯ್ಯನವರ ಮುಖ ಅರಳುತ್ತದೆ.

ವಸಂತಮ್ಮ ಮತ್ತದೇ ಹಿತ್ತಿಲ ಬಾಗಿಲಲ್ಲಿ ಕಾಫಿ ಹಿಡಿದು ನಿಂತಿದ್ದಾರೆ. "ಮೇಘನ ಹೆತ್ತು ಹದಿನೈದು ದಿನ ಆಗಿಲ್ಲ. ಹಸುಗೂಸು ಇರೋ ಮನೆ ಮಾರಾಯ್ತಿ, ಬೇಜಾರು ಮಾಡ್ಕಬೇಡ."

ಅಮೂಲ್ಯಾ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಮನೆಯನ್ನು ಸುತ್ತಿ ಮುಂದಕ್ಕೆ ಬಂದು ಜಗಲಿಯ ಮೇಲೆ ಕೂರುತ್ತಾರೆ. ಅರುಣ ಪಕ್ಕದಲ್ಲಿ ಕೂರುತ್ತಾರೆ.

"ಕಾಫಿ ಇಲ್ಲಿ ಕೊಡಿ ಅಮ್ಮ. ಹಿತ್ಲಲ್ಲಿ ಇನ್ಮೇಲೆ ಕುಡಿಯಲ್ಲ. ಹಸು ನೋಡಕ್ಕೆ ಯಾವತ್ತು ಕರೆದ್ರೂ ಬರ್ತೀನಿ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ."

ಸುಬ್ಬಯ್ಯ ಹೆಂಡತಿಯ ಮುಖ ನೋಡುತ್ತಾರೆ. ವಸಂತಮ್ಮ ನಡುಮನೆಯ ಬಾಗಿಲಲ್ಲಿ ಲೋಟ ಹಿಡಿದು ಬಹಳ ಹೊತ್ತು ನಿಲ್ಲುತ್ತಾರೆ. ಒಳಗೆ ಕೂಸು ಅಳುತ್ತದೆ, ಸುಮ್ಮನಾಗುತ್ತದೆ. ಕೊನೆಗೆ ಅವರು ಹೊಸ್ತಿಲು ದಾಟಿ ಬಂದು ಲೋಟ ಮುಂದೆ ಹಿಡಿಯುತ್ತಾರೆ.

ಅಮೂಲ್ಯಾ ಒಂದು ಗುಟುಕು ಕುಡಿದು ಲೋಟವನ್ನು ವಾಪಸ್ ಚಾಚುತ್ತಾರೆ.

"ಆರೋಗಿದೆ ಅಮ್ಮ. ಬಿಸಿ ಮಾಡ್ಕೊಡಿ."