ಕೋಟಿನ ಜೇಬಿನಲ್ಲಿ ಮೂರು ಗುಬ್ಬಿ

ನಮ್ಮ ಮನೆಯ ಕೆಳಗೆ ಅಂಗಡಿ ಇಟ್ಟಿರುವ ಟೈಲರ್ ಮಾಮನಿಗೆ ಎರಡು ಹೆಮ್ಮೆ. ಒಂದು, ಮೂವತ್ತೊಂದು ವರ್ಷಗಳಲ್ಲಿ ಹೇಳಿದ ದಿನ, ಹೇಳಿದ ಗಂಟೆಗೆ ಬಟ್ಟೆ ಕೊಡದೆ ಇದ್ದದ್ದೇ ಇಲ್ಲ. ಇನ್ನೊಂದು, ಯಾರನ್ನಾದರೂ ಕಣ್ಣಿನಲ್ಲೇ ಅಳೆಯಬಲ್ಲರು. ಬೀದಿನಾಯಿಗೂ ಎದೆಸುತ್ತಳತೆ ಹೇಳುತ್ತಾರೆ.

ಹಾಗಾಗಿ ಚಳಿಗಾಲದಲ್ಲಿ ಹಿತ್ತಿಲ ಗೋಡೆಯ ಗುಬ್ಬಿಗಳೆಲ್ಲ ಇದ್ದಕ್ಕಿದ್ದಂತೆ ದುಂಡಗಾದಾಗ ನಾನು ಅವರ ಹತ್ತಿರಕ್ಕೇ ಓಡಿದೆ. ಇದೇನೋ ಕಾಯಿಲೆ, ಮಗಳಿಗೂ ಅಂಟಿಬಿಟ್ಟರೆ ಎಂದು ನನಗೆ ಗಾಬರಿ.

"ಮಾಮ, ಗುಬ್ಬಿಗಳು ಬಾತ್ಕೊಂಡಿವೆ!"

ಬಾಯಲ್ಲಿದ್ದ ಗುಂಡುಸೂಜಿಗಳನ್ನು ತೆಗೆದು ಅವರು ಕಿಟಕಿಯಾಚೆ ನೋಡಿದರು. "ಬಾತಿಲ್ಲಮ್ಮ, ಗರಿ ಉಬ್ಬಿಸ್ಕೊಂಡಿವೆ. ಮಧ್ಯೆ ಗಾಳಿ ನಿಂತ್ರೆ ಮೈ ಬೆಚ್ಚಗಿರುತ್ತೆ. ನಾನು ಕೋಟಿಗೆ ಲೈನಿಂಗ್ ಕೊಡಲ್ವಾ, ಹಾಗೆ." ಎರಡು ಸ್ವೆಟರಿನೊಳಗೆ ಕೈ ಮಡಚಲಾಗದೆ ನಿಂತಿದ್ದ ನನ್ನ ಮೂರು ವರ್ಷದ ಮಗಳನ್ನು ನನಗೆ ತೋರಿಸಿ, "ಇವಳನ್ನ ನೋಡಿ ಗುಬ್ಬಿ ಕಲಿತ್ವೋ, ಗುಬ್ಬಿ ನೋಡಿ ನೀನು ಕಲಿತ್ಯೋ?" ಎಂದರು.

ನಾನು ಮುಖ ಊದಿಸಿಕೊಂಡು ಮೇಲೆ ಬಂದೆ.

ಆ ಶುಕ್ರವಾರ ಸಂಜೆ ನಾಲ್ಕೂವರೆಗೆ ಕೆಳಗಿನಿಂದ ಕೂಗು. "ಬೇಗ ಬಾಮ್ಮ! ಸದ್ದು ಮಾಡ್ಬೇಡ!" ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದವರು ಅವರೇ.

ಹಲ್ಲಿನ ಡಾಕ್ಟರಿಗೆ ಐದಕ್ಕೆ ಕೊಡಬೇಕಾದ ಹೊಸ ಕೋಟು ಕಿಟಕಿಯ ಪಕ್ಕ ನೇತಾಡುತ್ತಿತ್ತು. ಇಸ್ತ್ರಿಯ ಹಬೆ ಹೊರಗೆ ಹೋಗಲೆಂದು ಕಿಟಕಿ ತೆರೆದಿಟ್ಟಿದ್ದರಂತೆ. ಹಬೆ ಹೊರಗೆ ಹೋಗಿತ್ತು, ಚಳಿ ತಾಳದ ಮೂರು ಗುಬ್ಬಿ ಒಳಗೆ ಬಂದು ಬಿಸಿಬಿಸಿ ಎಡಜೇಬಿನಲ್ಲಿ ಕುಳಿತಿದ್ದವು.

"ಓಡಿಸ್ಬೇಡಿ ಮಾಮ, ಚಳಿಗೆ ಸತ್ತೋಗ್ತವೆ!"

"ಓಡಿಸಿದ್ರೆ ಹೆದರಿ ಜೇಬಲ್ಲೇ ಎಲ್ಲಾ ಮಾಡ್ಕೊಳ್ತವೆ. ಓಡಿಸ್ದೇ ಇದ್ರೆ ನನ್ನ ಮೂವತ್ತೊಂದು ವರ್ಷದ ಮಾತು ಹೋಗುತ್ತೆ. ಏನ್ ಮಾಡ್ಲಿ ಹೇಳು!"

ಗಡಿಯಾರ ನೋಡುತ್ತ ಅವರು ಬೆವರಿದರು, ಆ ಚಳಿಯಲ್ಲೂ. ಕೊನೆಗೆ ತಾವು ತೊಟ್ಟಿದ್ದ ಕೋಟನ್ನೇ ಬಿಚ್ಚಿ, ಬಿಸಿಯೇರುವಷ್ಟು ಇಸ್ತ್ರಿ ಮಾಡಿ, ಜೇಬಿನ ಬಾಯಿ ಅಗಲಿಸಿ ಪಕ್ಕದಲ್ಲಿ ನೇತುಹಾಕಿದರು. ನಾವಿಬ್ಬರೂ ಮೇಜಿನ ಹಿಂದೆ ಕುಕ್ಕರಗಾಲಿನಲ್ಲಿ ಅಡಗಿ ಕುಳಿತೆವು. ಡಾಕ್ಟರ ಕೋಟು ತಣ್ಣಗಾಗುತ್ತ ಬಂತು. ಐದಕ್ಕೆ ಹತ್ತು ನಿಮಿಷವಿದ್ದಾಗ ಒಂದು ಗುಬ್ಬಿ ಮನೆ ಬದಲಿಸಿತು. ಇನ್ನೊಂದು ಹಿಂದೆಯೇ ಹೋಯಿತು. ಮೂರನೆಯದು ಜಪ್ಪಯ್ಯ ಅಂದರೂ ಕದಲಲಿಲ್ಲ.

ಅಷ್ಟರಲ್ಲಿ ಡಾಕ್ಟರು ಬಂದೇಬಿಟ್ಟರು.

"ಕೋಟು ರೆಡಿ ಡಾಕ್ಟ್ರೇ. ಎಡಗಡೆ ಜೇಬಿಗೆ ಮಾತ್ರ ಕೈ ಹಾಕ್ಬೇಡಿ."

"ಯಾಕ್ರೀ, ಹೊಲಿದಿಲ್ವಾ?"

"ಹೊಲಿದಿದೆ. ಒಳಗೆ ಜನ ಇದಾರೆ."

ಡಾಕ್ಟರು ಸಣ್ಣ ಟಾರ್ಚು ಹಿಡಿದು ಬಗ್ಗಿದರು. ಅಭ್ಯಾಸಬಲ, "ಬಾಯಿ ತೆಗಿ ಮರಿ" ಎಂದರು. ಗುಬ್ಬಿ ತೆಗೆಯಿತು. "ಪಾಪ, ಇರ್ಲಿ ಬಿಡ್ರಿ. ನನಗೆ ಕೋಟು ಬೇಕಾಗಿರೋದು ನಾಳೆ ಹನ್ನೊಂದಕ್ಕೆ. ಬೆಳಿಗ್ಗೆ ಬರ್ತೀನಿ."

ಮಾಮನ ಮುಖ ಬಾಡಿತು. "ಆಗಲ್ಲ ಡಾಕ್ಟ್ರೇ. ಇವತ್ತು ಐದಕ್ಕೆ ಅಂದ್ರೆ ಇವತ್ತು ಐದಕ್ಕೇ. ಒಂದ್ಸಲ ಹಾಕ್ಕೊಳ್ಳಿ, ನಿಮ್ಮ ಕಾಲು ಹಿಡ್ಕೋತೀನಿ."

ಡಾಕ್ಟರು ಉಸಿರು ಬಿಗಿಹಿಡಿದು ಕೋಟು ತೊಟ್ಟರು. ಗುಬ್ಬಿ ಅಲುಗದಂತೆ ನಾನು ಜೇಬಿನ ತಳಕ್ಕೆ ಎರಡೂ ಅಂಗೈ ಕೊಟ್ಟು ಮಂಡಿಯೂರಿದ್ದೆ. ಮಾಮ ಭುಜ ಸವರಿದರು.

"ಸರಿಯಾಗಿದೆಯಾ?"

"ಸರಿಯಾಗಿದೆ."

"ಕೊಟ್ಟೆ."

"ತಗೊಂಡೆ ಮಾರಾಯ್ರೇ."

ಗಡಿಯಾರ ಐದು ಹೊಡೆಯಿತು. ಮಾಮ ದೊಡ್ಡದಾಗಿ ಉಸಿರುಬಿಟ್ಟರು. "ಇನ್ನು ಇದು ನಿಮ್ಮ ಕೋಟು. ಎಲ್ಲಿ ಬೇಕಾದ್ರೂ ಬಿಟ್ಟುಹೋಗಿ."

ಡಾಕ್ಟರು ಅದನ್ನು ಮೆಲ್ಲಗೆ ಕಳಚಿ ಮತ್ತೆ ಅಲ್ಲೇ ನೇತುಹಾಕಿ ಹೋದರು.

ರಾತ್ರಿ ಅಂಗಡಿ ಮುಚ್ಚುವಾಗ, ಬೆಳಿಗ್ಗೆ ಗುಬ್ಬಿಗಳು ಹೊರಗೆ ಹೋಗಲೆಂದು ಕಿಟಕಿಯನ್ನು ಗೇಣಷ್ಟು ತೆರೆದಿಟ್ಟು ಮಾಮ ಮನೆಗೆ ಹೊರಟರು. ಮೈಮೇಲೆ ಬರೀ ಅಂಗಿ. ಅವರ ಕೋಟಿನಲ್ಲೂ ಇಬ್ಬರು ಬಾಡಿಗೆದಾರರಿದ್ದರಲ್ಲ! ಅಂಚು ಹೊಲಿಯಲು ಯಾರೋ ಕೊಟ್ಟಿದ್ದ ಹಳದಿ ಪರದೆಯನ್ನು ಹೊದ್ದುಕೊಂಡರು. ಅದರ ಉಂಗುರಗಳು ಹೆಜ್ಜೆಹೆಜ್ಜೆಗೂ ಕಿಣಿಕಿಣಿ ಎನ್ನುತ್ತಿದ್ದವು.

ನನಗೆ ತಡೆಯಲಾಗಲಿಲ್ಲ. "ಮಾಮ, ಚಳಿಗೆ ಕಿವೀನೂ ಮುಚ್ಕೊಳ್ಳಿ!"

ಅವರು ಪರದೆಯನ್ನು ತಲೆಯ ಮೇಲೆಳೆದುಕೊಂಡರು. ಎದುರಿಗೆ ಬಂದ ಸೈಕಲ್ಲಿನವನೊಬ್ಬ ಯಾರೋ ದೊಡ್ಡ ಸ್ವಾಮಿಗಳಿರಬೇಕೆಂದು ಇಳಿದು ದಾರಿ ಬಿಟ್ಟ.